ದೇವಿ ಆರಾಧನೆ: ಬಾಗಿಲು ಯಾರಿಗೆ?

ಮಾನ್ಯರೇ,

ಪ್ರಕೃತಿಯನ್ನು ಪೂಜಿಸುವ ವಿಕ್ಕಾ ಎಂಬ ಆಧುನಿಕ ಪಾಶ್ಚಾತ್ಯ ಪಂಥದಲ್ಲಿ ಹೆಂಗಸರಿಗಷ್ಟೇ ಮೀಸಲಾದ ದೇವಿ ಆರಾಧನೆಯನ್ನು ಸಾರಾಸಗಟಾಗಿ ತಾರತಮ್ಯವೆಂದು ತಳ್ಳಿಹಾಕುವುದು ಸರಿಯಲ್ಲ. 1950ರ ದಶಕದಲ್ಲಿ ಬ್ರಿಟನ್ನಿನ ಜೆರಾಲ್ಡ್ ಗಾರ್ಡ್ನರ್ ಪ್ರಚುರಪಡಿಸಿದ ವಿಕ್ಕಾದಲ್ಲಿ ದೇವಿಯ ಜೊತೆಗೆ ಕೊಂಬಿನ ದೇವನೂ ಇದ್ದ. 1971ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಂಗೇರಿ ಮೂಲದ ಜುಜಾನಾ ಬುಡಾಪೆಸ್ಟ್ ಕಟ್ಟಿದ ಡಯಾನಿಕ್ ಎಂಬ ಹೆಂಗಸರದೇ ಬಳಗವು ದೇವಿಯನ್ನಷ್ಟೇ ಉಳಿಸಿಕೊಂಡಿತು. ಮುಟ್ಟು, ಹೆರಿಗೆ, ಮುಟ್ಟು ನಿಲ್ಲುವಿಕೆಗಳು ಈ ಪರಂಪರೆಯಲ್ಲಿ ಪೂಜೆಯ ವಸ್ತುಗಳೇ ಆದವು. ಮುಟ್ಟೆಂದರೆ ಮೈಲಿಗೆ ಎಂದೇ ಕೇಳಿ ಬೆಳೆದ ನಮಗೆ ಇದರ ಬೆಲೆಯನ್ನು ಯಾರೂ ವಿವರಿಸಬೇಕಿಲ್ಲ.

ಆದರೆ 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನಡೆದ ಪ್ಯಾಂಥಿಯಾಕಾನ್ ಎಂಬ ಇಂಥ ಪಂಥಗಳವರ ಸಮ್ಮೇಳನದಲ್ಲಿ, ಯಹೂದಿ ಪುರಾಣಕಥೆಗಳ ಲಿಲಿತ್‌ಳ ಆರಾಧನಾ ವಿಧಿಗೆಂದು ಬಂದ ಟ್ರಾನ್ಸ್ ಮಹಿಳೆಯರನ್ನು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಲಾಯಿತು. ಮರುವರ್ಷ ಬುಡಾಪೆಸ್ಟ್ ಅವರ ವಿಧಿಯನ್ನು ಹುಟ್ಟಿನಿಂದ ಹೆಣ್ಣಾದವರಿಗೆ ಮಾತ್ರವೆಂದು ಮೊದಲೇ ಸಾರಿದಾಗ, ಕೋಣೆಯ ಹೊರಗೆ ಹಲವರು ಮೌನವಾಗಿ ಕುಳಿತು ಪ್ರತಿಭಟಿಸಿದರು. ಮನೆಯೊಳಗೆ ಸೇರುವ ಸಣ್ಣ ಬಳಗ ತನ್ನವರನ್ನು ತಾನೇ ಆರಿಸಿಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ. ಎಲ್ಲರಿಗೂ ತೆರೆದ ಸಮ್ಮೇಳನದಲ್ಲಿ ಮಾತ್ರ, ಹೆರದವರನ್ನೂ ಗರ್ಭಕೋಶ ತೆಗೆಸಿಕೊಂಡವರನ್ನೂ ಏನೂ ಕೇಳದೆ ಒಳಬಿಡುವವರು ಟ್ರಾನ್ಸ್ ಮಹಿಳೆಯರಿಂದಷ್ಟೇ ದೇಹದ ಲೆಕ್ಕ ಕೇಳುವುದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

– ಓದುಗಿ, ಧಾರವಾಡ