ಉಸಿರಿನ ಸದ್ದನ್ನು ತೆಗೆಯದೆ ಉಳಿಸಿದವರಿಗೆ

ಹಾಸನದ ಸ್ಥಳೀಯ ಕೇಬಲ್ ವಾಹಿನಿಯೊಂದರಲ್ಲಿ 11 ವರ್ಷಗಳಿಂದ ಬೆಳಗಿನ 6 ಗಂಟೆಗೆ ನನ್ನೊಂದಿಗೆ ವ್ಯಾಯಾಮ ಮಾಡುತ್ತಾ ಬಂದ ಎಲ್ಲರಿಗೂ ನಮಸ್ಕಾರ. ಆರು ತಿಂಗಳು ನಿಮ್ಮ ಮುಂದೆ ಬರಲು ನನಗೆ ಆಗಲಿಲ್ಲ. ಆ ಅವಧಿಯಲ್ಲಿ ಹಳೆಯ ಸಂಚಿಕೆಗಳು ಮರುಪ್ರಸಾರವಾಗುತ್ತಿದ್ದವು. ಟೀವಿಯಲ್ಲಿ ನಾನು ನಗುನಗುತ್ತಾ ಜಿಗಿಯುತ್ತಿದ್ದ ಹೊತ್ತಿಗೆ, ಮನೆಯಲ್ಲಿ ಬಚ್ಚಲುಮನೆಯಿಂದ ಮಂಚದವರೆಗೆ ನಡೆಯಲು ಮಗಳ ಭುಜ ಹಿಡಿದುಕೊಳ್ಳುತ್ತಿದ್ದೆ. ಈಗ ಮತ್ತೆ ಚಿತ್ರೀಕರಣಕ್ಕೆ ಹೋಗುವಷ್ಟು ಚೇತರಿಸಿಕೊಂಡಿದ್ದೇನೆ. ಅದಕ್ಕೆ ಕಾರಣರಾದವರನ್ನು ನೆನೆಯಲು ಇದನ್ನು ಬರೆಯುತ್ತಿದ್ದೇನೆ.

ಹಾಸನಾಂಬೆಯ ದರ್ಶನ ಮುಗಿದು ಗರ್ಭಗುಡಿಯ ಬಾಗಿಲು ಮುಚ್ಚಿದ ವಾರ ನನಗೆ ದವಡೆಯಲ್ಲಿ ಸೆಳೆತ, ಬೆನ್ನಿನ ಮೇಲ್ಭಾಗದಲ್ಲಿ ಕಲ್ಲು ಹೇರಿದಂಥ ಭಾರ ಶುರುವಾಯಿತು. ಗ್ಯಾಸ್ಟ್ರಿಕ್ ಇರಬೇಕೆಂದು ಎರಡು ದಿನ ಜೀರಿಗೆ ಕಷಾಯ ಕುಡಿದೆ. ಮೂರನೆಯ ದಿನ ಚಿಕಿತ್ಸಾಲಯವೊಂದಕ್ಕೆ ಹೋದಾಗ, ‘ದಿನಾ ಟೀವಿಯಲ್ಲಿ ವ್ಯಾಯಾಮ ಹೇಳಿಕೊಡೋರು ನೀವು, ನಿಮಗೇನಾಗುತ್ತೆ’ ಎಂದು ಇಸಿಜಿಯನ್ನೂ ಮಾಡದೆ ಆಸಿಡಿಟಿ ಮಾತ್ರೆ ಕೊಟ್ಟು ಕಳುಹಿಸಿದರು. ಅವರನ್ನು ಮಾತ್ರ ದೂರುವುದು ನ್ಯಾಯವಲ್ಲ, ಏಕೆಂದರೆ ಆ ಮಾತನ್ನು ನಾನೂ ಮನಸಾರೆ ನಂಬಿದ್ದೆ. ಹೆಂಗಸರಲ್ಲಿ ಹೃದಯದ ತೊಂದರೆ ಕೆಲವೊಮ್ಮೆ ಎದೆನೋವೇ ಇಲ್ಲದೆ ದವಡೆ, ಬೆನ್ನು, ಉಬ್ಬಸ, ಅತಿಯಾದ ಸುಸ್ತಿನ ರೂಪದಲ್ಲಿ ಬರುತ್ತದೆಂಬುದನ್ನು ನಾನೇ ಕಾರ್ಯಕ್ರಮದಲ್ಲಿ ಹೇಳಿದ್ದೆ. 2025ರ ಜೂನ್ ಮತ್ತು ಜುಲೈ ತಿಂಗಳಲ್ಲಿ ನಮ್ಮ ಜಿಲ್ಲೆಯಿಂದ ದಿನ ಬಿಟ್ಟು ದಿನ ಹೃದಯಾಘಾತದ ಸುದ್ದಿ ಬಂದು, ಚಿಕ್ಕ ವಯಸ್ಸಿನವರೂ ತೀರಿಕೊಂಡು, ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿದ್ದಾಗ, ‘ಗಾಬರಿ ಬೇಡ, ಆದರೆ ತಪಾಸಣೆ ತಪ್ಪಿಸಬೇಡಿ’ ಎಂದು ವಾರಗಟ್ಟಲೆ ಹೇಳಿದವಳೂ ನಾನೇ. ನನ್ನ ತಂದೆ 52ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರೂ ನಾನು ಮಾತ್ರ ತಪಾಸಣೆ ಮಾಡಿಸಿಕೊಂಡಿರಲಿಲ್ಲ.

ಅದೇ ರಾತ್ರಿ ನಮ್ಮ ಯಜಮಾನರು ನನ್ನ ಮಾತಿಗೆ ಕಿವಿಗೊಡದೆ ಆಂಬುಲೆನ್ಸ್ ಕರೆಸಿದರು. ಹೊಳೆನರಸೀಪುರ ದಾಟಿದ್ದಷ್ಟೇ ನನಗೆ ನೆನಪಿದೆ. ಮೈಸೂರಿನಲ್ಲಿ ಮಣಿಕಟ್ಟಿನ ರಕ್ತನಾಳದ ಮೂಲಕ ಸ್ಟೆಂಟ್ ಹಾಕಿ ನನ್ನನ್ನು ಉಳಿಸಿದ ವೈದ್ಯರಿಗೂ, ಬೆಳಗಿನ ಜಾವ ಕೈ ಹಿಡಿದು ಕೂತಿದ್ದ ನರ್ಸಮ್ಮನಿಗೂ ನಾನು ಸದಾ ಋಣಿ.

ದೇಹಕ್ಕಾದದ್ದಕ್ಕಿಂತ ಹೆಚ್ಚು ನನ್ನನ್ನು ಕುಗ್ಗಿಸಿದ್ದು ನಾಚಿಕೆ. ವ್ಯಾಯಾಮ ಹೇಳಿಕೊಡುವವಳಿಗೇ ಹೀಗಾದರೆ ಜನ ಇನ್ನು ವ್ಯಾಯಾಮವನ್ನು ನಂಬುವರೇ ಎಂಬ ಯೋಚನೆಯಿಂದ, ಸುದ್ದಿ ಹೊರಗೆ ಹೋಗದಂತೆ ಮನೆಯವರಿಂದ ಮಾತು ತೆಗೆದುಕೊಂಡಿದ್ದೆ. ಆಗ ಮಗಳು ನನಗೆ ಬಾಬ್ ಹಾರ್ಪರ್ ಅವರ ವಿಷಯ ಓದಿ ಹೇಳಿದಳು. ಅಮೆರಿಕದ ತೂಕ ಇಳಿಸುವ ಸ್ಪರ್ಧೆಯ ಟೀವಿ ಕಾರ್ಯಕ್ರಮದಿಂದ ಮನೆಮಾತಾದ ಆ ತರಬೇತುದಾರರು 2017ರ ಫೆಬ್ರವರಿಯಲ್ಲಿ, 51ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಜಿಮ್ ಒಂದರಲ್ಲೇ ಕುಸಿದು ಬಿದ್ದರು. ಅಲ್ಲಿದ್ದ ವೈದ್ಯರೊಬ್ಬರು ಎದೆ ಒತ್ತಿ, ವಿದ್ಯುತ್ ಆಘಾತ ಕೊಡುವ ಯಂತ್ರ ಬಳಸಿದ್ದರಿಂದ ಅವರು ಬದುಕಿದರು. ಪ್ರಜ್ಞೆ ಬಂದದ್ದು ಎರಡು ದಿನಗಳ ನಂತರ. ಅವರ ತಾಯಿಯೂ ಹೃದಯಾಘಾತದಿಂದಲೇ ತೀರಿಕೊಂಡಿದ್ದರು. ವಂಶವಾಹಿಯಾಗಿ ಬರುವ ಲಿಪೊಪ್ರೋಟೀನ್-ಎ ಎಂಬ ಕೊಬ್ಬಿನ ಕಣ ಅವರ ರಕ್ತದಲ್ಲಿ ಹೆಚ್ಚಿತ್ತು. ಊಟದ ಪಥ್ಯದಿಂದಾಗಲಿ ವ್ಯಾಯಾಮದಿಂದಾಗಲಿ ಅದು ಹೆಚ್ಚೇನೂ ಇಳಿಯುವುದಿಲ್ಲ. ಹಾರ್ಪರ್ ಇದನ್ನು ಮುಚ್ಚಿಡದೆ ಎಲ್ಲರೆದುರು ಹೇಳಿಕೊಂಡರು. ನನಗೂ ಆ ಪರೀಕ್ಷೆ ಮಾಡಿಸಿದಾಗ ಅಂಶ ಹೆಚ್ಚೇ ಬಂತು. ವ್ಯಾಯಾಮ ನನಗೆ ಮೋಸ ಮಾಡಿರಲಿಲ್ಲ, ಅದೊಂದರಿಂದಲೇ ಎಲ್ಲವೂ ತಪ್ಪುತ್ತದೆಂದು ನಂಬಿ ನಾನೇ ತಪ್ಪಿದ್ದೆ ಎಂಬುದು ಅಂದು ನಿಚ್ಚಳವಾಯಿತು. ಮರುದಿನವೇ ವಾಹಿನಿಯವರಿಗೆ ನಿಜ ಸಂಗತಿ ತಿಳಿಸಿದೆ. ಅವರು ಅದನ್ನು ನನ್ನ ಮಾತಿನಲ್ಲೇ ಪ್ರಸಾರ ಮಾಡಿದರು.

ನಾನು ಕಾರ್ಯಕ್ರಮ ಆರಂಭಿಸಿದ್ದು ಒಂದು ಪ್ಲಾಸ್ಟಿಕ್ ಕುರ್ಚಿಯೊಂದಿಗೆ. 1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಟೀವಿಯ ಮೂಲಕ ವ್ಯಾಯಾಮ ಕಲಿಸತೊಡಗಿದ ಜಾಕ್ ಲಲೇನ್ ಮನೆಯ ಕುರ್ಚಿಯನ್ನೇ ಸಾಧನವಾಗಿಸಿಕೊಂಡಿದ್ದರೆಂದು ಓದಿ, ನಮ್ಮ ಕಡೆಯ ಅಜ್ಜಿಯರಿಗೂ ಅದು ಹೊಂದುತ್ತದೆಂದುಕೊಂಡಿದ್ದೆ. ಹೆಸರು ಬಂದಂತೆಲ್ಲ ಕುರ್ಚಿ ಹಿಂದೆ ಸರಿದು, ಜಿಗಿತ, ಡಂಬೆಲ್ಸ್, ಬಿಗಿಯಾದ ಉಡುಪು ಮುಂದೆ ಬಂದವು. ಹೀಗಾಗಿ ಕಳೆದ ವಾರ ಹಿಂದಿರುಗಿದಾಗ ಮೊದಲು ಹುಡುಕಿದ್ದು ಆ ಹಳೆಯ ಕೆಂಪು ಕುರ್ಚಿಯನ್ನು. ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮ ಆರನೆಯ ಬಾರಿಗೇ ನನ್ನನ್ನು ದಣಿಸಿತು. ಕ್ಯಾಮೆರಾದ ಹುಡುಗ ಕಿವಿಯ ಹೆಡ್‌ಫೋನ್ ಸರಿಸಿ, ‘ಅಕ್ಕಾ, ಉಸಿರಿನ ಸದ್ದು ಮೈಕಲ್ಲಿ ಜೋರಾಗಿ ಬರ್ತಿದೆ, ಎಡಿಟಿಂಗಲ್ಲಿ ತೆಗೆದುಬಿಡ್ಲಾ?’ ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ, ‘ಬೇಡ ಬಿಡಿ, ಇರ್ಲಿ, ನಮ್ಮಮ್ಮನೂ ಹಿಂಗೇ ಉಸಿರು ಬಿಡ್ತಾರೆ’ ಎಂದು ಒಂದು ಲೋಟ ಬಿಸಿನೀರು ತಂದಿಟ್ಟ. ಆ ಹುಡುಗನ ಅಂತಃಕರಣಕ್ಕೆ ಯಾವ ಮಾತಿನಲ್ಲಿ ವಂದಿಸಬೇಕೆಂದು ನನಗೆ ಇನ್ನೂ ತೋಚಿಲ್ಲ.

ಸಂಚಿಕೆ ಪ್ರಸಾರವಾದ ಬೆಳಿಗ್ಗೆ ಅರಕಲಗೂಡಿನಿಂದ ನಿವೃತ್ತ ಶಿಕ್ಷಕಿಯೊಬ್ಬರು ಫೋನ್ ಮಾಡಿದರು. ನಾನು ಮಲಗಿದ್ದ ಆರು ತಿಂಗಳೂ ಪ್ರತಿ ಶುಕ್ರವಾರ ವಿಚಾರಿಸಿಕೊಂಡವರು ಅವರು. ‘ನೋಡಮ್ಮ, ಇಷ್ಟು ವರ್ಷ ನೀನು ಕುಣಿಯೋದನ್ನ ಕಾಫಿ ಕುಡೀತಾ ನೋಡ್ತಿದ್ದೆ ಅಷ್ಟೆ. ಇವತ್ತು ನಿನ್ನ ಉಸಿರು ಕೇಳಿಸ್ತಲ್ಲ, ನಾನೂ ಕುರ್ಚಿ ಎಳ್ಕೊಂಡೆ’ ಎಂದರು. ನಾಲ್ಕು ಬಾರಿ ಎದ್ದು ಕೂತರಂತೆ. ಟೀಚರಮ್ಮನಿಗೂ, ಮಹಾರಾಜ ಪಾರ್ಕಿನಲ್ಲಿ ನನ್ನ ನಿಧಾನಕ್ಕೆ ತಮ್ಮ ಹೆಜ್ಜೆ ಹೊಂದಿಸಿಕೊಂಡ ವಾಕಿಂಗ್ ಗೆಳತಿಯರಿಗೂ, ಹೆಸರನ್ನೂ ಹೇಳದೆ ಬಾಗಿಲಲ್ಲಿ ಎಳನೀರು ಇಟ್ಟುಹೋಗುತ್ತಿದ್ದ ಆಟೋದವರಿಗೂ ಹೃತ್ಪೂರ್ವಕ ವಂದನೆಗಳು.

ಸೋಮವಾರದಿಂದ ಕಾರ್ಯಕ್ರಮ ಎಂದಿನ 6 ಗಂಟೆಗೇ ಇರುತ್ತದೆ, ಆದರೆ 30 ನಿಮಿಷದ ಬದಲು 20 ನಿಮಿಷ. ಕೈಯಿಲ್ಲದ, ಅಲುಗಾಡದ ಕುರ್ಚಿಯೊಂದನ್ನು ಗೋಡೆಗೆ ಒತ್ತರಿಸಿ ಇಟ್ಟುಕೊಂಡಿರಿ.