ದೊಡ್ಡ ಹೋಮೋಜಿನೈಸರ್ ಕೊಳ್ಳಿ ಎನ್ನುವ ಸಲಹೆ ತಪ್ಪು

ಮಾನ್ಯ ಸಂಪಾದಕರೇ,

ಹೊಸದಾಗಿ ಡೇರಿ ಘಟಕ ಹಾಕುವವರಿಗಾಗಿ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಚಿಲ್ಲರ್, ಪಾಶ್ಚರೈಸರ್, ಪ್ಯಾಕಿಂಗ್ ಯಂತ್ರಗಳ ಬಗ್ಗೆ ಚೆನ್ನಾಗಿ ವಿವರಿಸಿದ್ದಾರೆ. ಆದರೆ ಹಾಲಿನ ಕೊಬ್ಬಿನ ಕಣ ಒಡೆದು ಕೆನೆ ಮೇಲೇರದಂತೆ ಮಾಡುವ ಹೋಮೋಜಿನೈಸರ್ ವಿಷಯವನ್ನು ಮಾತ್ರ ‘ಮುಂದಿನ ಬೆಳವಣಿಗೆ ನೋಡಿಕೊಂಡು ಸ್ವಲ್ಪ ದೊಡ್ಡದನ್ನೇ ಕೊಳ್ಳಿ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಅದನ್ನು ಓದಿ ಸುಮ್ನೆ ಇರಲು ಮನಸ್ಸಾಗಲಿಲ್ಲ. ನಾನು 23 ವರ್ಷ ಡೇರಿಯ ಮೆಂಟೆನೆನ್ಸ್ ವಿಭಾಗದಲ್ಲಿ ಈ ಯಂತ್ರ ಬಿಚ್ಚಿ ಜೋಡಿಸಿದವನು. ಇದೇ ಮಾತು ನಂಬಿ ನಮ್ಮ ಘಟಕ ಎರಡು ವರ್ಷ ಒದ್ದಾಡಿತು.

ಹಾಲು ಬಿಸಿ ಮಾಡಿ ರೋಗಾಣು ಕೊಲ್ಲುವ ನಮ್ಮ ಪಾಶ್ಚರೈಸರ್ ಗಂಟೆಗೆ 5,000 ಲೀಟರಿನದು. ಅದಕ್ಕೆ ತಂದು ಜೋಡಿಸಿದ್ದು ಗಂಟೆಗೆ 10,000 ಲೀಟರಿನ ಹೋಮೋಜಿನೈಸರ್. ಹೇಗೂ ನಾಳೆ ಹಾಲು ಜಾಸ್ತಿ ಬರುತ್ತದೆ ಎಂಬ ಲೆಕ್ಕ.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಹೋಮೋಜಿನೈಸರ್ ಅಂದರೆ ಮೂಲದಲ್ಲಿ ಒಂದು ಪಂಪು. ಸಾಮಾನ್ಯವಾಗಿ ಮೂರು ಪ್ಲಂಜರ್, ಅಂದರೆ ಹಿಂದೆ ಮುಂದೆ ಓಡುವ ದಂಡಗಳು, ಇರುತ್ತವೆ. ಪ್ರತಿ ಸುತ್ತಿಗೂ ಅಷ್ಟೇ ಹಾಲು ಎಳೆದು ಅಷ್ಟೇ ಹಾಲು ತಳ್ಳುತ್ತವೆ. ಸಾಧಾರಣ ಪಂಪಿನ ಹಾಗೆ ಮುಂದಿನ ವಾಲ್ವ್ ತಿರುಗಿಸಿ ಹರಿವು ಕಡಿಮೆ ಮಾಡಲು ಬರುವುದಿಲ್ಲ. ಹಾಗಾಗಿ ಹೆಚ್ಚುವರಿ ಹಾಲನ್ನು ಬೈಪಾಸ್ ಪೈಪಿನಲ್ಲಿ ವಾಪಸ್ ಯಂತ್ರದ ಬಾಯಿಗೇ ಬಿಡಬೇಕಾಯಿತು. 200 ಬಾರ್ ಒತ್ತಡದಲ್ಲಿ ಒಮ್ಮೆ ಹಾಯ್ದರೆ ಹಾಲಿನ ಬಿಸಿ ಸುಮಾರು 5 ಡಿಗ್ರಿ ಏರುತ್ತದೆ. ನಮ್ಮಲ್ಲಿ ಅದೇ ಹಾಲು ಮತ್ತೆ ಮತ್ತೆ ಸುತ್ತುತ್ತಿತ್ತು. ಗಾಳಿಯೂ ಸೇರುತ್ತಿತ್ತು. ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು, ಗೇಜಿನ ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಹೆದರಿದ ಆಪರೇಟರ್‌ಗಳು ಒತ್ತಡವನ್ನು 110 ಬಾರ್‌ಗೆ ಇಳಿಸಿ ಓಡಿಸತೊಡಗಿದರು. ಪ್ಯಾಕೆಟ್ಟಿನ ಮೇಲೆ ಕೆನೆ ಗೆರೆ ಕಟ್ಟಿತು. ಪ್ಯಾಕೆಟ್ಟುಗಳು ವಾಪಸ್ ಬಂದವು.

ಕೆನೆ ಗೆರೆಯಾದರೂ ಕಣ್ಣಿಗೆ ಕಾಣುತ್ತದೆ. ನನಗೆ ನಿದ್ದೆ ಕೆಡಿಸಿದ್ದು ಕಾಣದ ಅಪಾಯ. ಸದ್ದು ನಿಲ್ಲಿಸಲು ಯಾರಾದರೂ ಬೈಪಾಸ್ ಮುಚ್ಚಿದರೆ ಯಂತ್ರ ಹಿಂದಿನಿಂದ ಹಾಲನ್ನು ಸೆಳೆಯುತ್ತದೆ. ಆಗ ಪಾಶ್ಚರೈಸರಿನಲ್ಲಿ ಬಿಸಿ ಹಾಲನ್ನು ಬೇಕಾದಷ್ಟು ಹೊತ್ತು ಹಿಡಿದಿಡುವ ಹೋಲ್ಡಿಂಗ್ ಟ್ಯೂಬಿನಲ್ಲಿ ಹಾಲಿನ ಓಟ ಹೆಚ್ಚುತ್ತದೆ. 72 ಡಿಗ್ರಿಯಲ್ಲಿ 15 ಸೆಕೆಂಡ್ ಇರಬೇಕಾದ ಹಾಲು ಅಷ್ಟು ಹೊತ್ತು ಇರುವುದೇ ಇಲ್ಲ. ಥರ್ಮಾಮೀಟರ್ ಸರಿಯಾಗಿಯೇ ತೋರಿಸುತ್ತಿರುತ್ತದೆ, ಹಾಲು ಮಾತ್ರ ಸುರಕ್ಷಿತವಾಗಿರುವುದಿಲ್ಲ. ಮಕ್ಕಳು ಕುಡಿಯುವ ಹಾಲು ಇದು, ಅಲ್ವಾ? ನಾನು ಆ ಬೈಪಾಸ್ ವಾಲ್ವ್ ತೆರೆದೇ ಇರುವಂತೆ ಬೀಗ ಹಾಕಿ ಕೀಲಿ ಜೇಬಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ.

ಕರೆಂಟಿನ ಲೆಕ್ಕವೂ ಸುಲಭ. ಗಂಟೆಯ ಲೀಟರನ್ನು ಬಾರ್‌ನಿಂದ ಗುಣಿಸಿ 36,000ದಿಂದ ಭಾಗಿಸಿ. 5,000 ಲೀಟರಿಗೆ 200 ಬಾರ್ ಅಂದರೆ ಸುಮಾರು 28 ಕಿಲೋವ್ಯಾಟ್. ಮೋಟಾರ್, ಗೇರಿನ ನಷ್ಟ ಸೇರಿದರೆ 31ರ ಆಸುಪಾಸು. 10,000 ಲೀಟರಿನದಕ್ಕೆ ಇದರ ಎರಡರಷ್ಟು. ಅದರಲ್ಲಿ ಅರ್ಧ ಕರೆಂಟು ಹಾಲನ್ನು ಸುಮ್ಮನೆ ಸುತ್ತಿಸಲಿಕ್ಕೇ ಹೋಗುತ್ತಿತ್ತು. ಕೊನೆಗೆ ಪುಲ್ಲಿ ಬದಲಿಸಿ ವೇಗ ಇಳಿಸಿದೆವು. ಅಷ್ಟರಲ್ಲಿ ವಾಲ್ವ್ ಸೀಟುಗಳು ಎರಡು ಸಲ ತಿಂದುಹೋಗಿದ್ದವು.

ಮುಂದೆ ಬೆಳೆಯುವ ಯೋಚನೆ ತಪ್ಪಲ್ಲ. ಹಾಗಿದ್ದರೆ ವೇಗ ಬದಲಿಸಬಹುದಾದ ಯಂತ್ರ ಕೇಳಿ. ಕನಿಷ್ಠ ಎಷ್ಟು ಲೀಟರಿನಲ್ಲಿ ಪೂರ್ತಿ ಒತ್ತಡ ಕೊಡುತ್ತದೆ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಗರಿಷ್ಠವನ್ನು ಎಲ್ಲರೂ ಹೇಳುತ್ತಾರೆ, ಕನಿಷ್ಠವನ್ನು ನಾವೇ ಕೇಳಬೇಕು.

ಅದಕ್ಕೂ ಮೊದಲು ಏನು ತಯಾರಿಸುತ್ತೀರಿ ಎಂಬುದು ಖಚಿತವಾಗಲಿ. ಹಸಿ ಹಾಲಿನಲ್ಲಿ ಕೊಬ್ಬಿನ ಕಣ ಸರಾಸರಿ 3ರಿಂದ 4 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್) ಇರುತ್ತದೆ. ಅದು ಒಂದು ಮೈಕ್ರಾನ್ ಆಸುಪಾಸಿಗೆ ಒಡೆದರೆ ಕೆನೆ ಮೇಲೇರುವುದಿಲ್ಲ. ಕುಡಿಯುವ ಹಾಲಿಗೆ, ಮೊಸರಿಗೆ 150ರಿಂದ 200 ಬಾರ್ ಸಾಕು. ಐಸ್‌ಕ್ರೀಮ್ ಮಿಶ್ರಣದಂತೆ ಕೊಬ್ಬು ಜಾಸ್ತಿ ಇರುವಲ್ಲಿ ಒಡೆದ ಕಣಗಳು ಮತ್ತೆ ಗೊಂಚಲು ಕಟ್ಟುತ್ತವೆ. ಆ ಗೊಂಚಲು ಬಿಡಿಸಲು ಎರಡನೇ ಹಂತದ ವಾಲ್ವ್ ಬೇಕು, ಅದಕ್ಕೆ ಒಟ್ಟು ಒತ್ತಡದ ಐದನೇ ಒಂದು ಭಾಗದಷ್ಟು ಸಾಕು. ಬೆಣ್ಣೆಗೆ ಹೋಗುವ ಹಾಲನ್ನು ಮಾತ್ರ ಇದರ ಹತ್ತಿರವೂ ಸುಳಿಸಬೇಡಿ. ಆಮೇಲೆ ಕೆನೆ ಬೇರ್ಪಡುವುದಿಲ್ಲ.

ಹಾಲು 60ರಿಂದ 70 ಡಿಗ್ರಿ ಬಿಸಿಯಿರಬೇಕು. ತಣ್ಣಗಿದ್ದರೆ ಕೊಬ್ಬು ಗಟ್ಟಿಯಾಗಿದ್ದು ಸರಿಯಾಗಿ ಒಡೆಯುವುದಿಲ್ಲ. ಹೀಗೆ ಕೊಬ್ಬಿನ ಕಣ ಒಡೆದ ಹಾಲನ್ನು ಪಾಶ್ಚರೈಸ್ ಮಾಡದೆ ಹಾಗೇ ಬಿಟ್ಟರೆ ಲೈಪೇಸ್ ಕಿಣ್ವ ಕೊಬ್ಬಿಗೆ ಬಾಯಿ ಹಾಕುತ್ತದೆ, ಕಮಟು ವಾಸನೆ ಬರುತ್ತದೆ.

1899ರಲ್ಲಿ ಫ್ರಾನ್ಸಿನ ಆಗಸ್ಟ್ ಗೌಲಿನ್ ಈ ಯಂತ್ರಕ್ಕೆ ಪೇಟೆಂಟ್ ಪಡೆದರು. ಕಿರಿದಾದ ಸಂದಿಯಲ್ಲಿ ಹಾಲನ್ನು ಒತ್ತಿ ಹಾಯಿಸುವ ತತ್ವ ಇಂದಿಗೂ ಅದೇ. ಸವೆಯುವ ಜಾಗವೂ ಅದೇ, ಆ ಸಂದಿ. ಆದ್ದರಿಂದ ವಾಲ್ವ್ ಯಾವ ಲೋಹದ್ದು, ಪ್ಲಂಜರ್ ಪ್ಯಾಕಿಂಗ್ (ಹಾಲು ಸೋರದಂತೆ ಪ್ಲಂಜರ್ ಸುತ್ತ ಕೂರಿಸುವ ಸೀಲ್) ಬದಲಿಸಲು ಎಷ್ಟು ಹೊತ್ತು, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಲೇಬೇಕು.

ಎರಡನೇ ಸಲ ಕೊಳ್ಳುವಾಗ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅದೇ ಮಾದರಿ ಓಡುತ್ತಿದ್ದ ಘಟಕಕ್ಕೆ ನಮ್ಮ ಹಾಲನ್ನೇ ಒಯ್ದು ಹಾಯಿಸಿ ನೋಡಿದೆವು. ಸುಮಾರು ಒಂದು ಲೀಟರ್ ಬಾಟಲಿಯನ್ನು ತಂಪಿನಲ್ಲಿ 48 ಗಂಟೆ ಅಲುಗಿಸದೆ ಇಟ್ಟು, ಮೇಲಿನ 100 ಮಿಲಿಲೀಟರಿನ ಫ್ಯಾಟನ್ನೂ ಕೆಳಗಿನದರ ಫ್ಯಾಟನ್ನೂ ಹೋಲಿಸಿದೆವು. ವ್ಯತ್ಯಾಸ ನೂರಕ್ಕೆ ಹತ್ತು ಮೀರಬಾರದು. ಮೀರಲಿಲ್ಲ. ಅಲ್ಲಿನ ಆಪರೇಟರ್ ನಮ್ಮ ಕಣ್ಣೆದುರೇ ಪ್ಯಾಕಿಂಗ್ ಬಿಚ್ಚಿ ಹಾಕಿ ತೋರಿಸಿದರು. ಆಮೇಲೆಯೇ ನಾವು ಆರ್ಡರ್ ಕೊಟ್ಟಿದ್ದು.

ಆ ಲೇಖನದ ಮುಂದಿನ ಕಂತು ಬರುವುದಿದ್ದರೆ, ದಯವಿಟ್ಟು ಆ ಒಂದು ಸಾಲನ್ನು ತಿದ್ದಿ ಪ್ರಕಟಿಸಿ. ಅದನ್ನು ನಂಬಿ ಈಗಾಗಲೇ ಯಾರಾದರೂ ಕೊಟೇಶನ್ ತರಿಸಿಕೊಂಡಿರಬಹುದು.

ಇಂತಿ,
ನಿವೃತ್ತ ಡೇರಿ ತಂತ್ರಜ್ಞ