ಯಂತ್ರಗಳ ಜಾಗ ಮತ್ತು ಆಟದ ದರ ಬದಲಾದ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಕಳೆದ ವಾರ ನಮ್ಮ ಆಟದ ಮನೆಯೊಳಗೆ ಕಾಲಿಟ್ಟವರಲ್ಲಿ ಹಲವರು ತಮ್ಮ ಯಂತ್ರ ಹಳೆಯ ಜಾಗದಲ್ಲಿ ಕಾಣದೆ ಬೇಸರಪಟ್ಟಿರಿ, ಕೆಲವರು ಆಡದೆಯೇ ಹಿಂದಿರುಗಿದಿರಿ. ಮುಂಚಿತವಾಗಿ ಒಂದು ಸೂಚನೆಯನ್ನೂ ಅಂಟಿಸದೆ ಎಲ್ಲವನ್ನೂ ಸ್ಥಳಾಂತರಿಸಿದ್ದು ನಮ್ಮ ತಪ್ಪು. ಅದಕ್ಕಾಗಿ ಕ್ಷಮೆ ಕೋರುತ್ತೇವೆ. ಸ್ಥಳಾಂತರಕ್ಕಾಗಿ ಮಾತ್ರ ಕ್ಷಮೆ ಕೇಳಲಾರೆವು. ಗೊಂಬೆ ಎತ್ತುವ ಯಂತ್ರಗಳನ್ನು ಬಾಗಿಲಿನ ಬಳಿಗೆ ತಂದು, ಪಿನ್‌ಬಾಲ್ (ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಹೊಡೆದಾಡಿಸುವ ಯಂತ್ರ) ಮತ್ತು ಹಳೆಯ ವಿಡಿಯೋ ಆಟಗಳನ್ನು ಹಿಂದಿನ ಗೋಡೆಗೆ ಸರಿಸಿದ್ದು ಗಳಿಕೆ ಹೆಚ್ಚಲೆಂದೇ.

ಪಿನ್‌ಬಾಲ್ ಆಡುವವರು ಅದು ಯಾವ ಮೂಲೆಯಲ್ಲಿದ್ದರೂ ಹುಡುಕಿಕೊಂಡು ಬರುತ್ತಾರೆ. ಗೊಂಬೆ ಎತ್ತುವವರಾದರೋ ದಾರಿಯಲ್ಲಿ ಹೋಗುವಾಗ ಗಾಜಿನೊಳಗೆ ಕಣ್ಣಾಡಿಸಿ, ಕಿಸೆ ತಡವಿಕೊಂಡು ಒಳಬರುವವರು. ಅವರಿಗೆ ಕಾಣದ ಕಡೆ ಆ ಯಂತ್ರವಿಟ್ಟರೆ ದಿನವಿಡೀ ದೀಪ ಉರಿಸಿದ್ದಷ್ಟೇ ಬಂತು. ಈ ಅದಲುಬದಲಿನಿಂದ ಪಿನ್‌ಬಾಲ್‌ಗೂ ಒಳ್ಳೆಯದಾಗಿದೆ. ಅದರ ಹಲಗೆ ಸುಮಾರು 6.5 ಡಿಗ್ರಿ ಇಳಿಜಾರಿನಲ್ಲಿರಬೇಕು, ಪಕ್ಕಕ್ಕೆ ಮಾತ್ರ ಚೂರೂ ವಾಲಬಾರದು. ಹಳೆಯ ಮೂಲೆಯ ನೆಲ ಸಮವಿರದೆ ಕಾಲಿನಡಿ ರಟ್ಟಿನ ಚೂರು ತುರುಕಿ ದಿನ ದೂಡುತ್ತಿದ್ದೆವೆಂಬುದು, ಎಡಕ್ಕೇ ಓಡುತ್ತಿದ್ದ ಚೆಂಡನ್ನು ಬೈದವರಿಗೆಲ್ಲ ಗೊತ್ತಿದೆ.

ಇನ್ನು ದರ. ಪಿನ್‌ಬಾಲ್‌ಗೆ ಒಂದು ನಾಣ್ಯ ಇದ್ದದ್ದು ಎರಡಾಗಿದೆ, ಆದ್ದರಿಂದ ನಾವು ದುರಾಸೆಯವರು ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ಬಾಡಿಗೆ, ವಿದ್ಯುತ್ತು, ಬಿಡಿಭಾಗಗಳ ಬೆಲೆ ಇವೆಲ್ಲ ಚೂರುಚೂರಾಗಿ ಏರುತ್ತವೆ, ಆದರೆ ನಾಣ್ಯ ಹಾಕುವ ಕಂಡಿಗೆ ಒಂದು ಮತ್ತು ಎರಡರ ನಡುವಿನ ಲೆಕ್ಕ ತಿಳಿಯದು. ಅಷ್ಟೂ ವರ್ಷ ಒಂದೇ ನಾಣ್ಯಕ್ಕೆ ಆಡಿಸಿದ ನಷ್ಟ ನಮ್ಮದಾಗಿತ್ತು, ಅದನ್ನು ಯಾರೂ ಬಂದು ಕೇಳಲಿಲ್ಲ. 27 ಮಿಲಿಮೀಟರ್ ವ್ಯಾಸದ, 80 ಗ್ರಾಂ ತೂಕದ ಉಕ್ಕಿನ ಚೆಂಡು ದಿನವಿಡೀ ಬಡಿಯುತ್ತಿದ್ದರೆ ರಬ್ಬರ್ ಬಳೆಗಳು ಸೀಳುತ್ತವೆ, ದೀಪಗಳು ಹೋಗುತ್ತವೆ. ಚೆಂಡಿನ ಮೈ ಒರಟಾದರೆ ಹಲಗೆಯ ಚಿತ್ರವನ್ನೇ ಕೆರೆದುಹಾಕುತ್ತದೆ. ಹಳೆಯ ವಿಡಿಯೋ ಆಟಗಳ, ಹಿಂದಿನ ಟಿವಿಗಳಲ್ಲಿದ್ದಂಥ ಕೊಳವೆ ಪರದೆಗಳ ಕಥೆ ಇನ್ನೂ ಕಷ್ಟದ್ದು: ಅವುಗಳ ತಯಾರಿಕೆ ನಿಂತುಹೋಗಿ, ಕೆಟ್ಟ ಪರದೆಗೆ ಮತ್ತೊಂದು ಹಳೆಯದನ್ನೇ ಹುಡುಕಬೇಕಾಗಿದೆ, ಮತ್ತು ಪ್ಲಗ್ ಕಿತ್ತ ಮೇಲೂ ಒಳಗೆ ಹೆಚ್ಚು ವೋಲ್ಟೇಜಿನ ವಿದ್ಯುತ್ತು ಉಳಿದಿರುವುದರಿಂದ ತಿಳಿದವರ ಹೊರತು ಬೇರೆಯವರು ಕೈಹಾಕುವಂತಿಲ್ಲ. 1972ರಲ್ಲಿ ಪಾಂಗ್ ಎಂಬ ಟೇಬಲ್ ಟೆನಿಸ್ ಮಾದರಿಯ ವಿಡಿಯೋ ಆಟದ ಮೊದಲ ಯಂತ್ರವನ್ನು ಪರೀಕ್ಷೆಗೆಂದು ಒಂದು ಬಾರ್‌ನಲ್ಲಿ ಇಟ್ಟಾಗ, ನಾಣ್ಯದ ಡಬ್ಬಿ ತುಂಬಿ ತುಳುಕಿ ಅದು ಕೆಲಸ ನಿಲ್ಲಿಸಿತಂತೆ. ಆ ಭಾಗ್ಯದ ರಿಪೇರಿ ನಮಗಿನ್ನೂ ಬಂದಿಲ್ಲ. ಆದರೂ ನಿಮ್ಮ ಮಾತಿನಲ್ಲಿ ನ್ಯಾಯವಿದೆಯೆಂದು ತೋರಿದ್ದರಿಂದ, ಒಟ್ಟಿಗೆ ಮೂರು ನಾಣ್ಯ ಹಾಕಿದವರಿಗೆ ಎರಡು ಆಟ ಸಿಗುವಂತೆ ಯಂತ್ರವನ್ನು ಹೊಂದಿಸಿದ್ದೇವೆ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದಿರುವ ದೂರು, ಗೊಂಬೆ ಎತ್ತುವ ಕೊಕ್ಕೆಯನ್ನು ನಾವು ಬೇಕೆಂದೇ ಸಡಿಲ ಮಾಡಿದ್ದೇವೆ ಎಂಬುದು. ಇದಕ್ಕೆ ನೇರವಾಗಿಯೇ ಉತ್ತರಿಸುತ್ತೇವೆ. ಕೊಕ್ಕೆಯ ಹಿಡಿತವು ಅದರೊಳಗಿನ ಸುರುಳಿಗೆ ಕೊಡುವ ವಿದ್ಯುತ್ತನ್ನು ಅವಲಂಬಿಸಿದೆ, ಅದನ್ನು ಹೆಚ್ಚುಕಡಿಮೆ ಮಾಡುವ ಅವಕಾಶ ಯಂತ್ರದಲ್ಲಿದೆ, ಮತ್ತು ನಾವು ಅದನ್ನು ಪೂರ್ತಿ ಬಿಗಿಯಾಗಿ ಇಟ್ಟಿಲ್ಲ. ಪ್ರತಿ ನಾಣ್ಯಕ್ಕೂ ಒಂದು ಗೊಂಬೆ ಬರುವಂತಿದ್ದರೆ ಮಧ್ಯಾಹ್ನದೊಳಗೆ ಪೆಟ್ಟಿಗೆ ಬರಿದಾಗಿ, ಸಂಜೆ ಬಂದ ಮಕ್ಕಳಿಗೆ ಬರೀ ಗಾಜು ತೋರಿಸಬೇಕಾಗುತ್ತದೆ. ಇಂಥ ಅನೇಕ ಯಂತ್ರಗಳಲ್ಲಿ ಇನ್ನೊಂದು ಏರ್ಪಾಡೂ ಇರುತ್ತದೆ: ಇಷ್ಟು ಆಟಗಳಾದ ಮೇಲೆ ಒಂದು ಸಲ ಮಾತ್ರ ಗಟ್ಟಿಯಾಗಿ ಹಿಡಿಯುವುದು, ಉಳಿದಂತೆ ಜಾರಿಸುವುದು. ಅದನ್ನು ನಮ್ಮ ಎಲ್ಲ ಯಂತ್ರಗಳಲ್ಲೂ ನಿಲ್ಲಿಸಿದ್ದೇವೆ, ಏಕೆಂದರೆ ಹಾಗಿದ್ದಾಗ ಗೆಲ್ಲುವುದು ಕೈಚಳಕವಲ್ಲ, ಸರದಿ. ನಮ್ಮಲ್ಲಿ ಮೊದಲ ಆಟಕ್ಕೂ ಐವತ್ತನೆಯ ಆಟಕ್ಕೂ ಹಿಡಿತ ಒಂದೇ. ಅನುಮಾನವಿದ್ದವರು ಕೌಂಟರಿನಲ್ಲಿ ಕೇಳಿದರೆ, ಯಂತ್ರದ ಬಾಗಿಲು ತೆರೆದು ಆ ಸೆಟ್ಟಿಂಗನ್ನು ಕಣ್ಣೆದುರೇ ತೋರಿಸುತ್ತೇವೆ.

ಒಂದು ವಿಷಯದಲ್ಲಿ ಮಾತ್ರ ದೂರಿದವರೇ ಸರಿ. ಪೆಟ್ಟಿಗೆ ತುಂಬಿ ಕಾಣಲೆಂದು ಮೊದಲ ಮೂರು ದಿನ ಗೊಂಬೆಗಳನ್ನು ಒತ್ತೊತ್ತಾಗಿ ತುರುಕಿದ್ದೆವು, ಒಂದರ ಕಾಲು ಇನ್ನೊಂದರ ಕಂಕುಳಲ್ಲಿ ಸಿಕ್ಕಿಕೊಂಡು ಎಂಥ ಕೊಕ್ಕೆಗೂ ಬಗ್ಗುತ್ತಿರಲಿಲ್ಲ. ಈಗ ಬಿಡಿಬಿಡಿಯಾಗಿ ಹರಡಿದ್ದೇವೆ. ಗೊಂಬೆ ಹೊರಬೀಳುವ ಕಂಡಿಯ ಅಂಚಿಗೇ ಬಂದು ನಿಂತುಬಿಟ್ಟರೆ ದಯವಿಟ್ಟು ಯಂತ್ರವನ್ನು ಅಲುಗಾಡಿಸಬೇಡಿ, ನಮ್ಮನ್ನು ಕರೆಯಿರಿ. ಅದು ನಿಮ್ಮದೇ, ಕೈಯಾರೆ ತೆಗೆದುಕೊಡುತ್ತೇವೆ. ಆ ಮೂರು ದಿನಗಳಲ್ಲಿ ನಾಣ್ಯ ಕಳೆದುಕೊಂಡವರು ಬಂದು ಹೇಳಿದರೆ, ಲೆಕ್ಕ ಕೇಳದೆ ಐದು ಆಟ ಉಚಿತವಾಗಿ ಕೊಡುತ್ತೇವೆ.

ಹಿಂದಿನ ಗೋಡೆಯ ಯಂತ್ರಗಳನ್ನು ಮಾರಿಬಿಡುವಿರಾ ಎಂದು ಕೇಳಿದವರಿಗೆ: ಇಲ್ಲ. ಬಾಗಿಲಿನ ಗೊಂಬೆಗಳ ಗಳಿಕೆಯೇ ಈಗ ಆ ಗೋಡೆಯನ್ನು ಸಾಕುತ್ತಿದೆ.

ಕೊನೆಯದಾಗಿ, ಹೇಳಲು ಮುಜುಗರವಾದರೂ ಹೇಳಲೇಬೇಕಾದದ್ದು. ಹಳೆಯ ಪಿನ್‌ಬಾಲ್ ಯಂತ್ರದ ದಾಖಲೆ ಅಂಕಗಳನ್ನು ಒಳಗಿನ ಮೂರು ಪೆನ್ಸಿಲ್ ಸೆಲ್‌ಗಳು ಕಾಯುತ್ತಿದ್ದವು. ಅವು ಸತ್ತಿದ್ದನ್ನು ಗಮನಿಸದೆ ಸಾಗಿಸಲೆಂದು ಪ್ಲಗ್ ಕಿತ್ತೆವು, ನಿಮ್ಮ ಹೆಸರುಗಳೆಲ್ಲ ಅಳಿಸಿಹೋದವು. ಯಂತ್ರದ ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ ದಾರಕ್ಕೆ ಪೆನ್ನು ಕಟ್ಟಿದ್ದೇವೆ. ನಿಮ್ಮ ಹೆಸರನ್ನೂ ಅಂಕವನ್ನೂ ನೀವೇ ಬರೆಯಿರಿ, ನಾವು ಪುರಾವೆ ಕೇಳುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿಗಳು,
ಆಟದ ಮನೆಯ ಪಾಲುದಾರರು